ಗುಡ್ಡದ ಮೇಲಿನ ಕಾರ್ಖಾನೆ: ಮಂಜರಾಬಾದಿನ ಪಲ್ಪರ್ ಮನೆಗಳು

(ಸಕಲೇಶಪುರದಲ್ಲಿ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಉಪನ್ಯಾಸದ ಬರಹ ರೂಪ)



ವಿಕ್ಟೋರಿಯಾ ರಾಣಿಯ ಕಾಲದ ಕೈಗಾರಿಕೆ ಎಂದೊಡನೆ ಪಠ್ಯಪುಸ್ತಕ ಓದಿದ ಯಾರಿಗೂ ನೆನಪಾಗುವುದು ಮ್ಯಾಂಚೆಸ್ಟರಿನ ಬಟ್ಟೆ ಗಿರಣಿ, ಬರ್ಮಿಂಗ್‌ಹ್ಯಾಮಿನ ಕಬ್ಬಿಣದ ಕೆಲಸ, ಗ್ಲಾಸ್ಗೋದ ಹಡಗು ಕಟ್ಟೆ. ನಮ್ಮ ದೇಶದ ಮಟ್ಟಿಗೆ ಮುಂಬಯಿಯ ಹತ್ತಿ ಗಿರಣಿ, ಕಲ್ಕತ್ತೆಯ ಸೆಣಬಿನ ಗಿರಣಿ. ಸಕಲೇಶಪುರ, ಆಲೂರಿನ ಗುಡ್ಡಗಳ ಹೆಸರು ಈ ಪಟ್ಟಿಯಲ್ಲಿ ಬರುವುದಿಲ್ಲ. ಇಲ್ಲಿ ಇದ್ದುದು ಕಾಡು, ಗದ್ದೆ, ಮಳೆ, ಆಮೇಲೆ ಕಾಫಿ ತೋಟ. ಕೈಗಾರಿಕೆ ಎಲ್ಲಿಂದ ಬರಬೇಕು?

ಬಂದಿತ್ತು ಎಂಬುದೇ ಈ ಹೊತ್ತಿನ ನನ್ನ ಮಾತಿನ ಸಾರ. ವಿಕ್ಟೋರಿಯಾ ರಾಣಿ ಪಟ್ಟದಲ್ಲಿದ್ದ 1837ರಿಂದ 1901ರವರೆಗಿನ ಅವಧಿಯಲ್ಲಿ ಈ ಗುಡ್ಡಗಳ ಮೇಲೆ ಕಾರ್ಖಾನೆಗಳು ಹುಟ್ಟಿಕೊಂಡವು. ಅವಕ್ಕೆ ಹೊಗೆ ಕೊಳವೆ ಇರಲಿಲ್ಲ, ಸೈರನ್ ಇರಲಿಲ್ಲ, ವರ್ಷದಲ್ಲಿ ಕೆಲವೇ ತಿಂಗಳು ನಡೆಯುತ್ತಿದ್ದವು. ಅವನ್ನು ನೀವೆಲ್ಲರೂ ನೋಡಿದ್ದೀರಿ. ಆದರೆ ಕಾರ್ಖಾನೆ ಎಂದು ಯಾರೂ ಕರೆಯಲಿಲ್ಲ. ಪಲ್ಪರ್ ಮನೆ ಎಂದು ಕರೆದೆವು. ಹೆಸರಿನ ಈ ವ್ಯತ್ಯಾಸ ಸಣ್ಣದಲ್ಲ. ಅದರಿಂದ ಯಾರಿಗೆ ಏನು ತಪ್ಪಿಹೋಯಿತು ಎಂಬುದನ್ನು ಕೊನೆಯಲ್ಲಿ ನೋಡೋಣ.

ಹಣ್ಣಿನಿಂದ ಪಾರ್ಚ್‌ಮೆಂಟಿಗೆ

ಮೊದಲು ಕೆಲಸದ ಬಗೆಯನ್ನು ನೋಡೋಣ. ತೋಟದ ಮನೆಯವರಿಗೆ ಇದು ಹೊಸದಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಕಾಫಿಯ ಕೆಂಪು ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜಗಳಿರುತ್ತವೆ. ಬೀಜದ ಮೇಲೆ ಒಂದು ತೆಳು ಬೆಳ್ಳಿ ಪೊರೆ, ಅದರ ಮೇಲೆ ಗಟ್ಟಿ ಸಿಪ್ಪೆ, ಅದರ ಮೇಲೆ ಸಿಹಿಯಾದ ಅಂಟು ಲೋಳೆ, ಎಲ್ಲಕ್ಕಿಂತ ಹೊರಗೆ ಹಣ್ಣಿನ ತೊಗಟೆ. ಇವನ್ನೆಲ್ಲ ಕಳೆದು ಬೀಜವನ್ನು ಹೊರತೆಗೆಯಬೇಕು.

ಇದಕ್ಕೆ ಎರಡು ದಾರಿ. ಒಂದು, ಹಣ್ಣನ್ನು ಇಡಿಯಾಗಿ ಕಣದಲ್ಲಿ ಹರಡಿ ಒಣಗಿಸಿ, ಆಮೇಲೆ ಕುಟ್ಟಿ ಬೀಜ ತೆಗೆಯುವುದು. ಇದೇ ‘ಚೆರಿ’. ಒನಕೆ ಮತ್ತು ಕಣ ಇರುವ ಯಾವ ಮನೆಯಲ್ಲೂ ಇದನ್ನು ಮಾಡಬಹುದು. ಯಂತ್ರ ಬೇಡ, ಹೆಚ್ಚು ನೀರೂ ಬೇಡ.

ಎರಡನೆಯದು ಪಲ್ಪರ್ ದಾರಿ. ಕೊಯ್ದ ಹಣ್ಣನ್ನು ಅದೇ ದಿನ ಯಂತ್ರಕ್ಕೆ ಹಾಕಬೇಕು. ಮೈತುಂಬ ಸಣ್ಣ ಸಣ್ಣ ಗುಬುಟುಗಳೆದ್ದ ತಾಮ್ರದ ತಗಡನ್ನು ಹೊದಿಸಿದ ಉರುಳೆಯೋ ತಟ್ಟೆಯೋ ನೀರಿನ ಜೊತೆಗೆ ತಿರುಗುತ್ತದೆ. ಹಣ್ಣು ಅದಕ್ಕೂ ಎದುರಿನ ಕಬ್ಬಿಣದ ಪಟ್ಟಿಗೂ ನಡುವೆ ಸಿಕ್ಕಿ ತೊಗಟೆ ಕಳಚಿಕೊಳ್ಳುತ್ತದೆ. ಬೀಜ ಒಂದು ಕಡೆ, ತೊಗಟೆ ಇನ್ನೊಂದು ಕಡೆ. ಬೀಜವನ್ನು ತೊಟ್ಟಿಯಲ್ಲಿ ಒಂದು, ಒಂದೂವರೆ ದಿನ ಹುಳಿಯಲು ಬಿಡುತ್ತಾರೆ. ಲೋಳೆ ಸಡಿಲವಾದ ಮೇಲೆ ತೊಳೆದು, ಕಣದಲ್ಲಿ ವಾರಗಟ್ಟಲೆ ತಿರುವಿ ಹಾಕುತ್ತ ಒಣಗಿಸುತ್ತಾರೆ. ಗಟ್ಟಿ ಸಿಪ್ಪೆಯೊಳಗೇ ಉಳಿದ ಈ ಬೀಜವೇ ಪಾರ್ಚ್‌ಮೆಂಟು.

ಇದರಲ್ಲಿ ಕಾರ್ಖಾನೆಯ ಲಕ್ಷಣಗಳೆಲ್ಲ ಇವೆ. ಯಂತ್ರ ಇದೆ, ಅದನ್ನು ತಿರುಗಿಸಲು ಕೈ, ನೀರಿನ ಚಕ್ರ ಅಥವಾ ಎಂಜಿನ್ ಇದೆ. ಒಂದರ ಹಿಂದೆ ಒಂದು ನಡೆಯಲೇಬೇಕಾದ ಹಂತಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ ಗಡಿಯಾರ ಇದೆ. ಹಣ್ಣು ರಾತ್ರಿಯೆಲ್ಲ ರಾಶಿಯಲ್ಲಿ ಬಿದ್ದರೆ ಬಿಸಿಯೇರಿ ಕೆಡುತ್ತದೆ. ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಬೀಜಕ್ಕೆ ಕೆಟ್ಟ ವಾಸನೆ ಹಿಡಿಯುತ್ತದೆ. ಗದ್ದೆಯ ಕೆಲಸವನ್ನು ನಾಳೆಗೆ ಮುಂದೂಡಬಹುದು, ಪಲ್ಪರ್ ಕೆಲಸವನ್ನು ಮುಂದೂಡುವಂತಿಲ್ಲ. ಹಗಲು ಕೊಯ್ದವರ ಹಣ್ಣನ್ನು ಅಳೆದುಕೊಂಡು, ಸಂಜೆ ಲಾಟೀನಿನ ಬೆಳಕಿನಲ್ಲಿ ಯಂತ್ರ ನಡೆಸುವ ಪದ್ಧತಿ ಹುಟ್ಟಿದ್ದು ಈ ಅವಸರದಿಂದ.

ಕಾರ್ಖಾನೆ ಗುಡ್ಡದ ಮೇಲೆಯೇ ಏಕೆ ಬೇಕಾಯಿತು ಎಂಬುದಕ್ಕೂ ಉತ್ತರ ಇಲ್ಲಿದೆ. ಒಂದು ಕಿಲೊ ಶುದ್ಧ ಬೀಜಕ್ಕೆ ಸುಮಾರು ಐದಾರು ಕಿಲೊ ಹಣ್ಣು ಬೇಕು. ಅಷ್ಟು ಭಾರವನ್ನು, ಅದೂ ಕೆಡುವ ಹಣ್ಣನ್ನು, ಎತ್ತಿನ ಗಾಡಿಯಲ್ಲಿ ಘಾಟಿ ಇಳಿಸುವ ಮಾತೇ ಇಲ್ಲ. ಹಣ್ಣು ಕಾರ್ಖಾನೆಯ ಬಳಿಗೆ ಹೋಗಲಾರದು, ಆದ್ದರಿಂದ ಕಾರ್ಖಾನೆಯೇ ಹಣ್ಣಿನ ಬಳಿಗೆ ಬಂತು.

ದೊರೆಗಳ ಆಗಮನ

ಬಾಬಾ ಬುಡನ್ ಅವರು ಅರಬರ ನಾಡಿನಿಂದ ಏಳು ಬೀಜ ತಂದ ಕತೆ ಎಲ್ಲರಿಗೂ ಗೊತ್ತು. ಆ ಕಾಫಿ ಬಹುಕಾಲ ಹಿತ್ತಿಲ ಬೆಳೆಯಾಗಿಯೇ ಇತ್ತು. ಅದನ್ನು ದೊಡ್ಡ ವ್ಯಾಪಾರವಾಗಿ ಮಾಡಿದ್ದರಲ್ಲಿ ಇಂಗ್ಲೆಂಡಿನ ಸುಂಕ ನೀತಿಯ ಪಾಲೂ ಇದೆ. ಅಲ್ಲಿ ವೆಸ್ಟ್ ಇಂಡೀಸ್ ಕಾಫಿಗೆ ಕಡಿಮೆ ಸುಂಕ, ಪೂರ್ವದ ಕಾಫಿಗೆ ಹೆಚ್ಚು ಸುಂಕ ಇತ್ತು. 1835ರಲ್ಲಿ ಎರಡನ್ನೂ ಸಮ ಮಾಡಿದರು. ಸಿಂಹಳದಲ್ಲೂ ದಕ್ಷಿಣ ಭಾರತದ ಬೆಟ್ಟಗಳಲ್ಲೂ ಯುರೋಪಿಯನ್ನರು ತೋಟ ಮಾಡಲು ಹೊರಟದ್ದು ಆ ಸುಮಾರಿಗೆ.

ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಇಂದಿನ ಸಕಲೇಶಪುರ ತಾಲ್ಲೂಕಿಗೆ ಆಗ ಮಂಜರಾಬಾದ್ ಎಂದು ಹೆಸರು. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯ ಹೆಸರೇ ಅದು. ಇಲ್ಲಿ ಮೊದಲು ತೋಟ ಆರಂಭಿಸಿದ ಯುರೋಪಿಯನ್ ಫ್ರೆಡರಿಕ್ ಗ್ರೀನ್, 1843ರಲ್ಲಿ. 1850ರ ದಶಕದ ಮಧ್ಯದಲ್ಲಿ ಬಂದ ರಾಬರ್ಟ್ ಎಲಿಯಟ್ ಮಂಜರಾಬಾದಿನಲ್ಲೇ ತೋಟ ಮಾಡಿ, 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಬರೆದ. ಎರಡನೆಯ ಪುಸ್ತಕದ ಹೆಸರಿನಲ್ಲಿಯೇ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ಆ ಕಾಲದ ಮಂಜರಾಬಾದಿನ ಬಗ್ಗೆ ಬರೆಯುವವರೆಲ್ಲ ಈ ಪುಸ್ತಕಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಹೋಗಲೇಬೇಕು. ಆದರೆ ಅವು ತೋಟದ ಒಡೆಯ ಬರೆದವು ಎಂಬುದನ್ನು ಮರೆಯಬಾರದು.

ತೋಟ ಮಾಡಿದವರು ದೊರೆಗಳಷ್ಟೇ ಅಲ್ಲ. ಊರ ಪಟೇಲರು, ಗೌಡರು, ಸಣ್ಣ ರೈತರು ಕಾಡಿನ ನೆರಳಲ್ಲಿ ಕಾಫಿ ಹಾಕಿದರು. ಸಂಖ್ಯೆಯಲ್ಲಿ ಅವರೇ ಹೆಚ್ಚು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಿದ್ದು, ‘ಚಿಕ್’ ಎಂದು ಕರೆಯುತ್ತಿದ್ದ ಹಳೆಯ ತಳಿ ಕೈಕೊಟ್ಟಾಗ ಎಲ್ಲರಿಗೂ ಪೆಟ್ಟು ಬಿತ್ತು. ಕೊಡಗಿನ ಬೀಜ ತಂದು ಹಾಕಿದ ಮೇಲೆ ತೋಟಗಳು ಚೇತರಿಸಿಕೊಂಡವು. ಹೀಗೆ ಬೆಳೆಯಲ್ಲಿ ದೊರೆಗೂ ರೈತನಿಗೂ ಕಷ್ಟ ಒಂದೇ. ಕೊಯ್ಲು ಮುಗಿದ ಮೇಲೆ ಮಾತ್ರ ದಾರಿ ಬೇರೆ. ಯಂತ್ರ, ತೊಟ್ಟಿ, ನೀರಿನ ಕಾಲುವೆ, ಗಾರೆಯ ಕಣ ಇವಕ್ಕೆಲ್ಲ ಬಂಡವಾಳ ಹಾಕಬಲ್ಲವನದು ಪಲ್ಪರ್ ಕಾಫಿ. ಹಾಕಲಾರದವನದು ಚೆರಿ.

ಆ ಭೇದ ಇಂದಿಗೂ ಅಳಿದಿಲ್ಲ. ಬೆಂಗಳೂರು, ಮೈಸೂರಿನ ಯಾವುದಾದರೂ ಕಾಫಿಪುಡಿ ಅಂಗಡಿಗೆ ಹೋಗಿ ಡಬ್ಬಿಯ ಮೇಲಿನ ಚೀಟಿ ಓದಿ. ‘ಪ್ಲಾಂಟೇಶನ್ ಎ’ ಎಂದಿರುತ್ತದೆ, ‘ಚೆರಿ’ ಎಂದಿರುತ್ತದೆ. ಪ್ಲಾಂಟೇಶನ್ ಎಂದರೆ ತೋಟ ತಾನೆ? ಚೆರಿಯೇನು ತೋಟದಲ್ಲಿ ಬೆಳೆದದ್ದಲ್ಲವೆ? ಎರಡೂ ತೋಟದಲ್ಲಿ ಬೆಳೆದದ್ದೇ. ವ್ಯಾಪಾರದ ಭಾಷೆಯಲ್ಲಿ ‘ಪ್ಲಾಂಟೇಶನ್’ ಎಂದರೆ ಪಲ್ಪರ್ ಮಾಡಿ ತೊಳೆದ ಅರೇಬಿಕಾ ಎಂದರ್ಥ. ಯಂತ್ರವಿದ್ದ ತೋಟಕ್ಕೆ ಮಾತ್ರ ಪ್ಲಾಂಟೇಶನ್ ಎಂಬ ಗೌರವ ಸಂದ ಕಾಲದ ಗುರುತು ಅದು.

ಯಂತ್ರ ಬಂದದ್ದು ಎಲ್ಲಿಂದ?

ಈ ಯಂತ್ರಗಳನ್ನು ಮಾಡಿದವರು ಯಾರು? ಲಂಡನ್ನಿನಲ್ಲೂ ಇಂಥ ತಯಾರಕರಿದ್ದರು. ಆದರೆ ಕಾಫಿ ಲೋಕದಲ್ಲಿ ಹೆಸರು ಮಾಡಿದ ಎಷ್ಟೋ ಕಂಪನಿಗಳು ಮ್ಯಾಂಚೆಸ್ಟರಿನವೂ ಅಲ್ಲ, ಬರ್ಮಿಂಗ್‌ಹ್ಯಾಮಿನವೂ ಅಲ್ಲ.

ಸ್ಕಾಟ್ಲೆಂಡಿನ ಉತ್ತರಕ್ಕೆ ಅಬರ್ಡೀನ್ ಎಂಬ ಊರಿದೆ. ಮೀನಿಗೂ ಬೂದು ಕಲ್ಲಿಗೂ ಹೆಸರಾದ ಊರು. ಅಲ್ಲಿ 1798ರಲ್ಲಿ ಶುರುವಾದ ವಿಲಿಯಂ ಮೆಕಿನನ್ ಕಂಪನಿಯ ಎರಕದ ಕಾರ್ಖಾನೆ ಕಾಫಿ ಪಲ್ಪರಿಗೆ ಜಗತ್ತಿನಲ್ಲೆಲ್ಲ ಹೆಸರಾಯಿತು. ಕಾಫಿಯ ಒಂದು ಗಿಡವೂ ಬೆಳೆಯದ ಚಳಿನಾಡಿನಲ್ಲಿ ಕಾಫಿ ಯಂತ್ರ! ಸಿಂಹಳದ ಬೆಟ್ಟದ ಊರಾದ ಕ್ಯಾಂಡಿಯಲ್ಲಿ ಜಾನ್ ವಾಕರ್ ಎಂಬಾತ 1854ರಲ್ಲಿ ತೆರೆದ ಕೆಲಸದ ಮನೆಯೂ ಕಾಫಿ ಯಂತ್ರಗಳಿಂದಲೇ ಬೆಳೆಯಿತು. ಅಲ್ಲಿ ತೋಟ ಪಕ್ಕದಲ್ಲೇ ಇತ್ತು. ಯಂತ್ರ ಕೆಟ್ಟಾಗ ಬಂದ ದೂರೇ ಮುಂದಿನ ಯಂತ್ರದ ಸುಧಾರಣೆಗೆ ಪಾಠವಾಗುತ್ತಿತ್ತು.

ಇನ್ನು ಎಂಜಿನ್. ಇಂಗ್ಲೆಂಡಿನ ಲಿಂಕನ್‌ಶೈರ್ ಗೋಧಿ ಬೆಳೆಯುವ ಬಯಲು ಸೀಮೆ. ಅಲ್ಲಿನ ಗೇನ್ಸ್‌ಬರೋ ಎಂಬ ಹೊಳೆ ದಂಡೆಯ ಊರಿನಲ್ಲಿ 1848ರಲ್ಲಿ ವಿಲಿಯಂ ಮಾರ್ಷಲ್ ತೆರೆದ ಕಾರ್ಖಾನೆ ಎಳೆದೊಯ್ಯಬಹುದಾದ ಉಗಿ ಎಂಜಿನ್ನುಗಳನ್ನೂ ಚಹಾ ತೋಟಗಳ ಯಂತ್ರಗಳನ್ನೂ ಮಾಡಿ ಭಾರತಕ್ಕೆ ಕಳಿಸಿತು. ಅದೇ ಸೀಮೆಯ ಗ್ರ್ಯಾಂಥಮ್ ಊರಿನ ಹಾರ್ನ್ಸ್‌ಬಿ ಕಂಪನಿ 1892ರಲ್ಲಿ ಎಣ್ಣೆಯಿಂದ ಓಡುವ ಎಂಜಿನ್ ಮಾರುಕಟ್ಟೆಗೆ ತಂದಿತು. ಗ್ಲಾಸ್ಟರ್‌ಶೈರಿನ ಡರ್ಸ್ಲಿ ಎಂಬ ಚಿಕ್ಕ ಊರಲ್ಲಿ 1867ರಲ್ಲಿ ಕೃಷಿ ಉಪಕರಣಗಳಿಂದ ಆರಂಭವಾದ ಲಿಸ್ಟರ್ ಕಂಪನಿ ಮುಂದೆ 20ನೇ ಶತಮಾನದಲ್ಲಿ ಎಂಜಿನ್ ಮಾಡಿತು. ಹಳೆಯ ರೈತರಿಗೆ ‘ಲಿಸ್ಟರ್’ ಎಂದರೆ ಕಂಪನಿಯ ಹೆಸರೆಂಬುದೇ ಮರೆತು, ಪಂಪ್‌ಸೆಟ್ಟಿನ ಎಂಜಿನ್ನಿಗೆ ಇನ್ನೊಂದು ಹೆಸರಾಗಿತ್ತು.

ಇಂಥ ಸಣ್ಣ ಊರುಗಳಲ್ಲಿ ಇಷ್ಟು ದೊಡ್ಡ ಕೆಲಸ ಹೇಗೆ ಸಾಧ್ಯವಾಯಿತು? ಕಾರಣ ಸರಳ. ಸುತ್ತಲೂ ಬೇಸಾಯ. ನೇಗಿಲು, ಒಕ್ಕಣೆ ಯಂತ್ರ ರಿಪೇರಿ ಮಾಡುವ ಕಮ್ಮಾರನಿಗೆ ವರ್ಷವಿಡೀ ಕೆಲಸ. ಕಮ್ಮಾರಸಾಲೆ ಎರಕದ ಮನೆಯಾಯಿತು, ರೈಲು ಬಂದ ಮೇಲೆ ಕಾರ್ಖಾನೆಯಾಯಿತು. ಪಟ್ಟಣದ ಗಿರಣಿಗಳಿಗೆ ಬೇಕಾದ ಯಂತ್ರವನ್ನು ಪಟ್ಟಣದವರು ಮಾಡಿದರು. ಹೊಲ, ತೋಟಗಳಿಗೆ ಬೇಕಾದ ಯಂತ್ರವನ್ನು ಹೊಲದ ನಡುವಿನ ಊರುಗಳು ಮಾಡಿದವು. ತಮ್ಮ ನಾಡಿನ ಬೇಡಿಕೆ ತುಂಬಿದ ಮೇಲೆ ಅವು ಕಡಲಾಚೆಯ ಹೊಲ, ತೋಟಗಳತ್ತ ತಿರುಗಿದವು.

ಹಾಗಾದರೆ ಸಕಲೇಶಪುರ ಏಕೆ ಒಂದು ಗೇನ್ಸ್‌ಬರೋ ಆಗಲಿಲ್ಲ? ಇಲ್ಲೂ ಸುತ್ತಲೂ ಬೇಸಾಯವಿತ್ತು, ಕಮ್ಮಾರರಿದ್ದರು, ಆಚಾರಿಗಳಿದ್ದರು. ಆದರೆ ತೋಟಕ್ಕೆ ಬೇಕಾದ ಯಂತ್ರವನ್ನು ದೊರೆ ತನ್ನ ನಾಡಿನಿಂದ ತರಿಸಿಕೊಳ್ಳುತ್ತಿದ್ದ. ಕಾಫಿ ಹೋದ ಹಡಗಿನ ದಾರಿಯಲ್ಲಿಯೇ ಯಂತ್ರ ಬರುತ್ತಿತ್ತು. ಇಲ್ಲಿನ ಕಮ್ಮಾರನ ಪಾಲಿಗೆ ಬಂದದ್ದು ರಿಪೇರಿ ಮಾತ್ರ. ರಿಪೇರಿಯಿಂದ ತಯಾರಿಕೆಗೆ ಏರಲು ಬೇಕಾದ ಬಂಡವಾಳ, ರೈಲು, ಸರಕಾರದ ಬೆಂಬಲ ಅವನಿಗೆ ಸಿಗಲಿಲ್ಲ. ಹಾಸನ-ಮಂಗಳೂರು ರೈಲು ಮಾರ್ಗ ಈ ಘಾಟಿಯನ್ನು ದಾಟಿದ್ದು 1970ರ ದಶಕದ ಕೊನೆಗೆ. ಸಾಮರ್ಥ್ಯದ ಕೊರತೆ ಇತ್ತೆನ್ನಲು ಆಧಾರವಿಲ್ಲ. ಗುಜರಾತಿನ ರಾಜಕೋಟೆಯಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳವರು ಲಿಸ್ಟರ್ ಮಾದರಿಯ ಎಂಜಿನ್ನನ್ನು ತಾವೇ ಎರಕ ಹೊಯ್ದು ಮಾಡಿ ದೇಶವಿದೇಶಕ್ಕೆ ಮಾರಿದ್ದಾರೆ. ಅವಕಾಶ ಸಿಕ್ಕ ಕಡೆ ನಮ್ಮವರ ಕೈ ಓಡಿತು.

ಘಾಟಿಯ ಕೆಳಗೆ

ಪಾರ್ಚ್‌ಮೆಂಟ್ ಆದ ಮೇಲೆ ಅವಸರ ಮುಗಿಯಿತು. ಒಣಗಿದ ಬೀಜ ಹಲವು ವಾರ ಕೆಡುವುದಿಲ್ಲ. ಉಳಿದ ಕೆಲಸಕ್ಕೆ ಕ್ಯೂರಿಂಗ್ ಎನ್ನುತ್ತಾರೆ: ಗಟ್ಟಿ ಸಿಪ್ಪೆ ಒಡೆಯುವುದು, ಹೊಳಪು ಕೊಡುವುದು, ಗಾತ್ರ ನೋಡಿ ಬೇರ್ಪಡಿಸುವುದು, ಕಪ್ಪು ಬೀಜ, ಒಡೆದ ಬೀಜಗಳನ್ನು ಕೈಯಿಂದ ಆರಿಸುವುದು, ಚೀಲಕ್ಕೆ ತುಂಬುವುದು. ಇದನ್ನು ಎಲ್ಲಿ ಬೇಕಾದರೂ ಮಾಡಬಹುದು. ಬಂದರಿನ ಊರಲ್ಲಿ ಮಾಡಿದರೆ ವ್ಯಾಪಾರಿಗೆ ಅನುಕೂಲ. ಆದ್ದರಿಂದ ಮಂಜರಾಬಾದಿನ ಕಾಫಿ ಘಾಟಿ ಇಳಿದು ಮಂಗಳೂರಿಗೆ ಹೋಯಿತು. ಮೈಸೂರು, ಕೊಡಗುಗಳ ಕಾಫಿಯಿಂದ ಅಲ್ಲಿ ದೊಡ್ಡ ಕಾಫಿ ವರ್ಕ್ಸುಗಳು ಎದ್ದವು. ಸಾಲಾಗಿ ಕುಳಿತು ಬೀಜ ಆರಿಸುವ ನೂರಾರು ಹೆಂಗಸರ ಕೆಲಸಕ್ಕೆ ಗಾರ್ಬ್ಲಿಂಗ್ ಎಂಬ ಹೆಸರು ಬಂತು.

ಮಂಗಳೂರು ಆಗಲೇ ಸಣ್ಣ ಕೈಗಾರಿಕಾ ಊರಾಗಿತ್ತು. ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯ, 1851ರಲ್ಲಿ ನೇಯ್ಗೆ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಿದ್ದರು. ನಾವು ಮಂಗಳೂರು ಹೆಂಚು ಎನ್ನುವುದರ ಮೂಲ ಮಾದರಿ ಫ್ರಾನ್ಸಿನ ಅಲ್ಸೇಸ್ ಸೀಮೆಯ ಆಲ್ಟ್‌ಕಿರ್ಶ್ ಎಂಬ ಪುಟ್ಟ ಊರಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದ, ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು. ಮಂಗಳೂರಿನ ಜೇಡಿಮಣ್ಣಿನಲ್ಲಿ ಅದೇ ರೂಪ ತಳೆದ ಹೆಂಚು ಕಾಲಕ್ರಮದಲ್ಲಿ ಘಾಟಿ ಹತ್ತಿ ಬಂದು ಮಲೆನಾಡಿನ ಬಂಗಲೆ, ಪಲ್ಪರ್ ಮನೆ, ಲೈನ್ ಮನೆಗಳ ಸೂರಾಯಿತು. ಕೆಳಗಿಳಿದ ಕಾಫಿಗೆ ಪ್ರತಿಯಾಗಿ ಮೇಲೆ ಬಂದವುಗಳಲ್ಲಿ ಹೆಂಚೂ ಒಂದು.

ಈ ಹಂಚಿಕೆಯನ್ನು ಸ್ವಲ್ಪ ಗಮನಿಸಿ. ಕೆಡುವ, ಒದ್ದೆಯ, ಕೊಯ್ಲಿನ ಕಾಲದ ಕೆಲಸ ಗುಡ್ಡಕ್ಕೆ. ಒಣ, ಸುಭದ್ರ, ವರ್ಷದಲ್ಲಿ ಹೆಚ್ಚು ತಿಂಗಳು ನಡೆಯುವ ಕೆಲಸ ಕರಾವಳಿಗೆ. ಬೆಲೆ ನಿಗದಿಯಾಗುವುದು ಲಂಡನ್ನಿನಲ್ಲಿ. ಹಾಸನ, ಚಿಕ್ಕಮಗಳೂರಿನಲ್ಲಿ ಕ್ಯೂರಿಂಗ್ ವರ್ಕ್ಸುಗಳು ಬೆಳೆದದ್ದು 20ನೇ ಶತಮಾನದಲ್ಲಿ. 1942ರ ಕಾಯ್ದೆಯಂತೆ ಕಾಫಿ ಮಂಡಳಿ ಎಲ್ಲರ ಕಾಫಿಯನ್ನು ಒಟ್ಟುಗೂಡಿಸಿ ಮಾರುವ ವ್ಯವಸ್ಥೆ ಬಂದದ್ದೂ, ಅದು 1990ರ ದಶಕದಲ್ಲಿ ಕೊನೆಗೊಂಡದ್ದೂ ಆಮೇಲಿನ ಕತೆ.

ಕಾರ್ಖಾನೆಯಲ್ಲದ ಕಾರ್ಖಾನೆ

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ಭಾರತದ ಮೊದಲ ಫ್ಯಾಕ್ಟರಿ ಕಾಯ್ದೆ ಬಂದದ್ದು 1881ರಲ್ಲಿ. ಅದು ಮುಖ್ಯವಾಗಿ ಮಕ್ಕಳ ದುಡಿಮೆಯ ಹೊತ್ತಿಗೆ ಮಿತಿ ಹಾಕಿತು, ಯಂತ್ರಗಳಿಗೆ ಬೇಲಿ ಹಾಕಬೇಕೆಂದಿತು, ಇನ್‌ಸ್ಪೆಕ್ಟರುಗಳನ್ನು ನೇಮಿಸುವ ದಾರಿ ಮಾಡಿತು. ಆದರೆ ಫ್ಯಾಕ್ಟರಿ ಎಂದರೇನು ಎಂದು ವಿವರಿಸುವಾಗಲೇ ನೀಲಿ ಕಾರ್ಖಾನೆಗಳನ್ನೂ ಚಹಾ, ಕಾಫಿ ತೋಟಗಳೊಳಗಿನ ಕಟ್ಟಡಗಳನ್ನೂ ಹೊರಗಿಟ್ಟಿತು. ಅದೇ ವರ್ಷ ಮೈಸೂರು ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದಿದ್ದರಿಂದ ಬ್ರಿಟಿಷ್ ಇಂಡಿಯಾದ ಕಾಯ್ದೆ ನೇರವಾಗಿ ಇಲ್ಲಿಗೆ ಅನ್ವಯಿಸುವ ಪ್ರಶ್ನೆ ಬೇರೆ. ನಾನು ಹೇಳುವುದು ಕಾಲದ ದೃಷ್ಟಿಯನ್ನು. ಗಿರಣಿಯಲ್ಲಿ ತಿರುಗುವ ಚಕ್ರ ಯಂತ್ರ. ತೋಟದಲ್ಲಿ ತಿರುಗುವ ಚಕ್ರ ಬೇಸಾಯ. ಗಿರಣಿಯಲ್ಲಿ ದುಡಿಯುವವನು ಕಾರ್ಮಿಕ. ತೋಟದಲ್ಲಿ ದುಡಿಯುವವನು ಕೂಲಿ.

ರಕ್ಷಣೆಯ ಕಾಯ್ದೆಯಿಂದ ತೋಟವನ್ನು ಹೊರಗಿಟ್ಟ ಅದೇ ಸರಕಾರ ಶಿಕ್ಷೆಯ ಕಾಯ್ದೆಯನ್ನು ಮಾತ್ರ ಎಂದೋ ಮಾಡಿಟ್ಟಿತ್ತು. 1859ರ 13ನೇ ಕಾಯ್ದೆಯ ಪ್ರಕಾರ ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಆಜ್ಞೆ ಮೀರಿದರೆ ಜೈಲು. ಸಾಲ ತೀರಿಸದ ವ್ಯಾಪಾರಿ ಸಿವಿಲ್ ಕೋರ್ಟಿಗೆ, ಮುಂಗಡ ತೀರಿಸದ ಕೂಲಿ ಜೈಲಿಗೆ. ದಕ್ಷಿಣ ಭಾರತದ ತೋಟಗಾರರು ಈ ಕಾಯ್ದೆಯನ್ನು ಬಲವಾಗಿ ನೆಚ್ಚಿಕೊಂಡಿದ್ದರು. ಅದು ರದ್ದಾದದ್ದು 1925ರಲ್ಲಿ.

ಮುಂಗಡದ ಸರಪಳಿ ಹೇಗಿತ್ತೆಂದರೆ, ತೋಟದವರು ಮೇಸ್ತ್ರಿಗೆ ಹಣ ಕೊಡುವರು, ಮೇಸ್ತ್ರಿ ಘಟ್ಟದ ಕೆಳಗಿನ ಕನ್ನಡ ಜಿಲ್ಲೆಯಲ್ಲೋ ಪೂರ್ವದ ಮೈದಾನದಲ್ಲೋ ಮನೆಮನೆಗೆ ಹಂಚುವನು. ಆ ಮನೆಯವರು ಮಳೆಗಾಲ ಮುಗಿದ ಮೇಲೆ ಪಾತ್ರೆ ಪಡಗ, ಮಕ್ಕಳನ್ನು ಕಟ್ಟಿಕೊಂಡು ಘಟ್ಟ ಹತ್ತುವರು. ಇವರಲ್ಲಿ ಬಹಳಷ್ಟು ಮಂದಿ ಅಸ್ಪೃಶ್ಯರೆನಿಸಿಕೊಂಡ ಜಾತಿಗಳವರು. ಸ್ವಂತ ನೆಲವಿಲ್ಲದವರಿಗೆ ಮುಂಗಡ ಎಂಬುದು ಬದುಕೂ ಹೌದು, ಬಲೆಯೂ ಹೌದು. ಹಣ್ಣು ಕೊಯ್ದವರೂ ಅವರೇ, ಪಲ್ಪರ್ ತಿರುಗಿಸಿದವರೂ ಅವರೇ, ತಣ್ಣೀರಿನ ತೊಟ್ಟಿಯಲ್ಲಿ ಇಳಿದು ಬೀಜ ತುಳಿದು ತೊಳೆದವರೂ ಅವರೇ.

ಬಾಂಬೆ ಗಿರಣಿಯ ಕಾರ್ಮಿಕರ ಬಗ್ಗೆ ಇತಿಹಾಸಕಾರರಿಗೆ ಇನ್‌ಸ್ಪೆಕ್ಟರುಗಳ ವರದಿ, ಆಯೋಗಗಳ ಸಾಕ್ಷ್ಯ ಸಿಗುತ್ತವೆ. ಪಲ್ಪರ್ ಮನೆಗೆ ಇನ್‌ಸ್ಪೆಕ್ಟರ್ ಬರಲಿಲ್ಲ. ಬಾರದಿದ್ದರಿಂದ ವರದಿ ಇಲ್ಲ. ಯಂತ್ರಕ್ಕೆ ಕೈ ಕೊಟ್ಟವರೆಷ್ಟು, ಮಕ್ಕಳು ಎಷ್ಟು ಹೊತ್ತು ದುಡಿದರು ಎಂಬುದಕ್ಕೆ ಅಂಥ ಕಾಗದವಿಲ್ಲ. ಹುಲಿ ಬೇಟೆಯ ವಿವರ ಪುಸ್ತಕದಲ್ಲಿದೆ, ತೊಟ್ಟಿ ತೊಳೆದವಳ ಹೆಸರು ಎಲ್ಲೂ ಇಲ್ಲ. ಹೆಸರು ಕೊಡದಿದ್ದರೆ ಲೆಕ್ಕವೂ ಇಲ್ಲ ಎಂದು ನಾನು ಆರಂಭದಲ್ಲಿ ಸೂಚಿಸಿದ್ದು ಇದನ್ನೇ. ತೋಟದ ದುಡಿಮೆಗಾರರಿಗೆ ಮನೆ, ಆಸ್ಪತ್ರೆ, ಶಿಶುಮಂದಿರದ ಹಕ್ಕನ್ನು ಕಾನೂನಿನಲ್ಲಿ ಬರೆದುಕೊಟ್ಟದ್ದು ಸ್ವತಂತ್ರ ಭಾರತದ 1951ರ ತೋಟ ಕಾರ್ಮಿಕರ ಕಾಯ್ದೆ. ಫ್ಯಾಕ್ಟರಿ ಕಾಯ್ದೆಗೂ ಇದಕ್ಕೂ ನಡುವೆ 70 ವರ್ಷ.

ನೀರಿನ ಲೆಕ್ಕವೂ ಹೀಗೇ ತಪ್ಪಿಹೋಯಿತು. ಪಲ್ಪರ್ ಮನೆಯಿಂದ ಹೊರಬೀಳುವ ಲೋಳೆ ನೀರು ಹಳ್ಳ ಸೇರಿ, ಹಳ್ಳ ಹೇಮಾವತಿ ಸೇರುತ್ತದೆ. ಕೊಳೆಯುವ ಲೋಳೆ ನೀರಿನ ಪ್ರಾಣವಾಯುವನ್ನು ಹೀರಿ ಮೀನು ಸಾಯುವಂತೆ ಮಾಡುತ್ತದೆ. ಬೇಸಾಯ ಎಂದುಕೊಂಡಷ್ಟು ಕಾಲ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಕಾರ್ಖಾನೆಯ ತ್ಯಾಜ್ಯ ಎಂದು ನೋಡಲು ಶುರು ಮಾಡಿದ ಮೇಲೆಯೇ ಕೊಳದಲ್ಲಿ ನಿಲ್ಲಿಸಿ ಶುದ್ಧಿ ಮಾಡುವ, ಕಡಿಮೆ ನೀರು ಬಳಸುವ ಯಂತ್ರ ಹಾಕುವ ಮಾತು ಬಂತು.

ಉಳಿದಿರುವ ಕೆಲಸ

ಇದೆಲ್ಲ ಮುಗಿದ ಕತೆಯಲ್ಲ. ಹಳೆಯ ಯಂತ್ರಗಳು ಗುಜರಿಗೆ ಹೋಗುತ್ತಿವೆ. ಕಿಲೊ ಲೆಕ್ಕದಲ್ಲಿ ಎರಕದ ಕಬ್ಬಿಣ, ಅದಕ್ಕಿಂತ ಹೆಚ್ಚಿನ ದರಕ್ಕೆ ತಾಮ್ರದ ತಗಡು. ತೋಟ ಕೈ ಬದಲಾದಾಗ ಹಳೆಯ ಚೆಕ್‌ರೋಲ್, ಮುಂಗಡದ ಪುಸ್ತಕಗಳು ಒಲೆಗೆ ಹೋಗುತ್ತವೆ. ಹೊಸ ಯಂತ್ರ ಹಾಕುವವರನ್ನು ಬೈಯುವಂತಿಲ್ಲ, ನೀರು ಉಳಿಯುವುದು ಒಳ್ಳೆಯದೇ. ಆದರೆ ಹಳೆಯದು ಹೋಗುವ ಮೊದಲು ಅದರ ಗುರುತು ಹಿಡಿದಿಡುವವರು ಬೇಕು.

ಅದನ್ನು ನೀವು ಮಾಡಬಹುದು. ಪಲ್ಪರಿನ ಮೈಮೇಲೆ ಎರಕದಲ್ಲಿ ಮೂಡಿಸಿದ ಅಕ್ಷರಗಳಿರುತ್ತವೆ: ತಯಾರಕನ ಹೆಸರು, ಊರು, ಕೆಲವೊಮ್ಮೆ ಸಂಖ್ಯೆ. ತೋಟದವರ ಅನುಮತಿ ಕೇಳಿ ಅದನ್ನು ಬರೆದುಕೊಳ್ಳಿ, ಫೋಟೋ ತೆಗೆಯಿರಿ. ಮನೆಯಲ್ಲಿ ಚೆಕ್‌ರೋಲ್ ಇದ್ದರೆ ಇಲಿ ತಿನ್ನುವ ಮೊದಲು ಪ್ರತಿ ಮಾಡಿಸಿ. ಎಲ್ಲಕ್ಕಿಂತ ಮೊದಲು ಲೈನ್ ಮನೆಗಳಿಗೆ ಹೋಗಿ. ಅಜ್ಜಿಯಂದಿರ ಬಳಿ ಕೂತು, ತೊಟ್ಟಿಗೆ ಎಷ್ಟು ಹೊತ್ತಿಗೆ ಇಳಿಯುತ್ತಿದ್ದಿರಿ, ಹುಳಿ ಬಂದದ್ದು ಹೇಗೆ ಗೊತ್ತಾಗುತ್ತಿತ್ತು, ಮೇಸ್ತ್ರಿ ಯಾವ ಊರಿನವರು, ಮುಂಗಡ ಎಂದು ತೀರಿತು ಎಂದು ಕೇಳಿ. ಬೀಜವನ್ನು ಕೈಯಲ್ಲಿ ಉಜ್ಜಿ, ಮರಳಿನಂತೆ ಸದ್ದು ಬಂದರೆ ಲೋಳೆ ಬಿಟ್ಟಿತೆಂದು ತಿಳಿಯುವ ಜಾಣ್ಮೆ ಯಾವ ಕಂಪನಿಯ ಯಂತ್ರದ ಜೊತೆಗೂ ಬಂದದ್ದಲ್ಲ. ಅದು ಈ ಗುಡ್ಡದ ಕಾರ್ಮಿಕರದು.

ಅಬರ್ಡೀನಿನ ಎರಕದ ಮನೆಗೆ ಇತಿಹಾಸವಿದೆ, ಜೆಪ್ಪುವಿನ ಹೆಂಚಿಗೆ ಇತಿಹಾಸವಿದೆ. ಇವೆರಡರ ನಡುವೆ ನಿಂತು ಕೆಲಸ ಮಾಡಿದ ಮಂಜರಾಬಾದಿನ ಕೈಗಳಿಗೂ ಇತಿಹಾಸ ಬರೆಯಬೇಕಾಗಿದೆ. ಅದರ ಮೊದಲ ಸಾಲಿನಲ್ಲಿ ‘ಇದು ಕಾರ್ಖಾನೆಯಾಗಿತ್ತು’ ಎಂದು ಬರೆದರೆ, ಮುಂದಿನ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.